ಮಿಡಿ ಉಪ್ಪಿನಕಾಯಿ ಮಾರಬೇಕು: ಬಾಟಲಿ ಯಾವುದು, ಹೆಸರು ಏನು, ಲೇಬಲ್ ಮೇಲೆ ಏನು ಬರೆಯಲಿ?

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ.

ನಮ್ಮ ಮನೆಯಲ್ಲಿ ಅತ್ತೆ ಪ್ರತಿ ವರ್ಷ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಹಾಕುತ್ತಾರೆ. ಮೊದಲು ಮನೆಮಟ್ಟಿಗೆ ಎರಡು ಜಾಡಿ ಅಷ್ಟೇ. ನೆಂಟರು, ಅವರ ನೆಂಟರು, ಅವರ ಆಫೀಸಿನವರು ಅಂತ ಕೇಳುವವರು ಜಾಸ್ತಿ ಆದ ಮೇಲೆ ಮೂರು ವರ್ಷದಿಂದ ಮಾರಲು ಶುರು ಮಾಡಿದ್ದೇವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ನೋಂದಣಿ ಆಗಿದೆ. ಫೋನಿನಲ್ಲಿ ಆರ್ಡರ್ ಬರುತ್ತದೆ, ಗಾಜಿನ ಬಾಟಲಿಗೆ ತುಂಬಿ ಕೊರಿಯರ್ ಮಾಡುತ್ತೇನೆ.

ಕಳೆದ ತಿಂಗಳು ಬೆಂಗಳೂರಿಗೆ ಒಟ್ಟಿಗೆ 40 ಬಾಟಲಿ ಹೋದವು. ಅದರಲ್ಲಿ 11 ಸೋರಿದವು. ಒಬ್ಬರು ಫೋಟೊ ಕಳಿಸಿದರು. ರಟ್ಟಿನ ಡಬ್ಬದ ತಳ ಪೂರ್ತಿ ಕೆಂಪು. ಲೇಬಲ್ಲಿನ ಅಕ್ಷರ ಹರಡಿಹೋಗಿ ಏನು ಬರೆದಿದೆ ಅಂತ ಓದಲು ಬರುತ್ತಿಲ್ಲ. ತಗಡಿನ ಮುಚ್ಚಳ ತೆಗೆದು ಒಳಭಾಗದ ಫೋಟೊನೂ ಹಾಕಿದ್ದರು, ಸುತ್ತಲೂ ಉಂಗುರದ ಹಾಗೆ ತುಕ್ಕು. ಅವರು ಬೈಯಲಿಲ್ಲ. "ಮಿಡಿ ಚೆನ್ನಾಗೇ ಇರಬಹುದು, ಆದರೆ ತಿನ್ನಲು ಮನಸ್ಸು ಬರ್ತಿಲ್ಲ" ಅಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟೆ. ಅತ್ತೆಗೆ ಫೋಟೊ ತೋರಿಸಲೇ ಇಲ್ಲ.

ಈಗ ಒಬ್ಬರು ಡಿಸೈನರ್ ಸಿಕ್ಕಿದ್ದಾರೆ. ಲೋಗೊ, ಲೇಬಲ್, ಡಬ್ಬ ಎಲ್ಲ ಸೇರಿ 18,000 ರೂಪಾಯಿ ಕೇಳುತ್ತಾರೆ. ಬ್ರ್ಯಾಂಡಿಂಗ್ ಮಾಡಿಸಿದರೆ ಇದೇ ಉಪ್ಪಿನಕಾಯಿಯನ್ನು ಎರಡರಷ್ಟು ಬೆಲೆಗೆ ಮಾರಬಹುದು ಅಂತಾರೆ. ಸದ್ಯ 300 ಗ್ರಾಂಗೆ 210 ರೂಪಾಯಿ ತಗೊಳ್ತಿದ್ದೇನೆ. ಹೆಸರು ಇನ್ನೂ ಇಟ್ಟಿಲ್ಲ, ಲೇಬಲ್ ಮೇಲೆ "ಅಪ್ಪೆಮಿಡಿ ಉಪ್ಪಿನಕಾಯಿ" ಅಂತಷ್ಟೇ ಇದೆ.

ಈ 18,000 ಹಾಕಲೋ ಬೇಡವೋ? ಮೊದಲು ಯಾವುದನ್ನು ಸರಿ ಮಾಡಲಿ? ಮಾರ್ಕೆಟಿಂಗ್ ನಾನು ಓದಿಲ್ಲ. ತಿಳಿದವರು ಬಿಡಿಸಿ ಹೇಳಿ.

ದಾವಣಗೆರೆ ಕಿರಾಣಿ

ಅಕ್ಕಾ, ನನ್ನದು 22 ವರ್ಷದ ಕಿರಾಣಿ ಅಂಗಡಿ. ಮೊದಲು ಸೋರುವುದನ್ನು ನಿಲ್ಲಿಸಿ. ಉಳಿದದ್ದು ಆಮೇಲೆ.

ನನ್ನ ಅಂಗಡಿಗೂ ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ತಂದುಕೊಡುವವರು ತುಂಬಾ ಜನ. ರುಚಿ ಮುಕ್ಕಾಲು ಪಾಲು ಜನರದ್ದು ಚೆನ್ನಾಗಿಯೇ ಇರುತ್ತದೆ. ಆದರೂ ಆರು ತಿಂಗಳಲ್ಲಿ ನಿಂತುಹೋಗುತ್ತದೆ. ಯಾಕೆ ಅಂದರೆ ಒಂದು ಸಲ ಉಪ್ಪು ಸರಿ, ಇನ್ನೊಂದು ಸಲ ಜಾಸ್ತಿ. ಒಂದು ಸಲ ದುಂಡು ಬಾಟಲಿ, ಅದು ಸಿಗಲಿಲ್ಲ ಅಂತ ಮುಂದಿನ ಸಲ ಚೌಕ ಬಾಟಲಿ. ಗಿರಾಕಿ ಬಂದು "ಅವತ್ತು ಒಯ್ದಿದ್ನಲ್ಲ, ಅದೇ ಕೊಡಿ" ಅಂತಾನೆ. ನಾನು ಬೇರೆ ಬಾಟಲಿ ತೋರಿಸಿ ಇದೂ ಅವರದೇ ಅಂದರೆ ನಂಬುವುದಿಲ್ಲ. ಅವನ ತಪ್ಪಿಲ್ಲ. ಅವನಿಗೆ ನೆನಪಿರುವುದು ಬಾಟಲಿ, ಅದರ ಬಣ್ಣ, ಮುಚ್ಚಳ. ನಿಮ್ಮ ಅತ್ತೆಯನ್ನು ಅವನು ನೋಡಿಲ್ಲ.

ಇನ್ನೊಂದು ಮಾತು. ಬಾಟಲಿಯ ಎತ್ತರ ನೋಡಿ. ನನ್ನ ಹಲಗೆಗಳ ನಡುವೆ ಒಂಬತ್ತು ಇಂಚು ಜಾಗ ಇದೆ, ಉಪ್ಪಿನಕಾಯಿ ಸಾಲಿನಲ್ಲಿ ಏಳೇ. ಚೆಂದ ಅಂತ ಉದ್ದನೆಯ ಬಾಟಲಿ ತಂದರೆ ನಾನು ಅದನ್ನು ಮಲಗಿಸಿ ಇಡಬೇಕಾಗುತ್ತದೆ. ಮಲಗಿಸಿದರೆ ಲೇಬಲ್ ಕಾಣಲ್ಲ, ಮುಚ್ಚಳ ಸಡಿಲ ಇದ್ದರೆ ಸೋರುತ್ತದೆ. ಸೋರಿದ ಬಾಟಲಿ ಪಕ್ಕದ ನಾಲ್ಕು ಬಾಟಲಿಯನ್ನೂ ಅಂಟಂಟು ಮಾಡುತ್ತದೆ. ಅಂಥ ಮಾಲನ್ನು ಎರಡನೇ ಸಲ ಯಾವ ಅಂಗಡಿಯವನೂ ಇಡಲ್ಲ.

ಬಾಕ್ಸ್ ಪ್ರಿಂಟರ್

ನಾನು ಬೆಂಗಳೂರಿನಲ್ಲಿ ಡಬ್ಬ, ಲೇಬಲ್ ಪ್ರಿಂಟ್ ಮಾಡುವವನು. ಸೋರಿಕೆ ಬಗ್ಗೆ ಹೇಳುತ್ತೇನೆ.

ತಗಡಿನ ಮುಚ್ಚಳ ಮಿಡಿ ಉಪ್ಪಿನಕಾಯಿಗೆ ಆಗುವುದಿಲ್ಲ. ಉಪ್ಪು ಜಾಸ್ತಿ, ಹುಳಿ ಜಾಸ್ತಿ. ಮುಚ್ಚಳದ ಒಳಗೆ ಬಳಿದಿರುವ ಲೇಪ ಒಂದು ಕಡೆ ಸ್ವಲ್ಪ ಕಿತ್ತರೂ ಸಾಕು, ಅಲ್ಲಿಂದ ತುಕ್ಕು ಶುರು. ಪ್ಲಾಸ್ಟಿಕ್ ಮುಚ್ಚಳ ಹಾಕಿ. ಅದರೊಳಗೆ ವ್ಯಾಡ್ ಅಂತ ಒಂದು ಬಿಲ್ಲೆ ಬರುತ್ತದೆ. ಫಾಯಿಲ್ ಇರುವ ವ್ಯಾಡ್ ತಗೊಂಡು ಇಂಡಕ್ಷನ್ ಸೀಲ್ ಮಾಡಿದರೆ, ಅಂದರೆ ಮಷೀನಿನಿಂದ ಫಾಯಿಲ್ ಬಿಸಿ ಮಾಡಿದರೆ, ಬಾಟಲಿ ಬಾಯಿಗೆ ಫಾಯಿಲ್ ಅಂಟಿಕೊಳ್ಳುತ್ತದೆ. ತಲೆಕೆಳಗೆ ಮಾಡಿದರೂ ಸೋರುವುದಿಲ್ಲ. ಕೈಯಲ್ಲಿ ಹಿಡಿದು ಸೀಲ್ ಮಾಡುವ ಸಣ್ಣ ಮಷೀನ್ ಸಿಗುತ್ತದೆ. ಗಾಜಿಗೆ ಬೇರೆ ವ್ಯಾಡ್, ಪೆಟ್ ಅನ್ನುವ ಪ್ಲಾಸ್ಟಿಕ್ ಬಾಟಲಿಗೆ ಬೇರೆ. ತಗೊಳ್ಳುವಾಗ ಯಾವ ಬಾಟಲಿಗೆ ಅಂತ ಹೇಳಿಯೇ ತಗೊಳ್ಳಿ.

ಫಾಯಿಲ್‌ನಿಂದ ಇನ್ನೊಂದು ಉಪಯೋಗ ಇದೆ. ಯಾರೂ ಮೊದಲೇ ತೆರೆದಿಲ್ಲ ಅಂತ ಕೊಂಡವರಿಗೆ ಗೊತ್ತಾಗುತ್ತದೆ.

ಲೇಬಲ್ ಹರಡಿದ್ದು ಇಂಕ್‌ಜೆಟ್ ಪ್ರಿಂಟ್ ಇರಬೇಕು, ಅಲ್ವಾ? ನೀರು ತಾಗಿದರೆ ಅದು ಹರಡುತ್ತದೆ. ಕಾಗದದ ಬದಲು ಪಾಲಿಪ್ರೊಪಿಲಿನ್ ಅನ್ನುವ ಪ್ಲಾಸ್ಟಿಕ್ ಸ್ಟಿಕ್ಕರ್ ಮೇಲೆ ಪ್ರಿಂಟ್ ಮಾಡಿಸಿ, ಎಣ್ಣೆ ಕೈಯಲ್ಲಿ ಹಿಡಿದರೂ ಏನೂ ಆಗಲ್ಲ.

ಒಂದು ಪ್ರಶ್ನೆ. ಮಿಡಿ ಪೂರ್ತಿ ಕಳಿತ ಮೇಲೆ ತುಂಬುತ್ತೀರಾ, ಅಥವಾ ಆರ್ಡರ್ ಬಂದ ಅವಸರಕ್ಕೆ ಬೇಗ ತುಂಬಿದಿರಾ? ಒಳಗೆ ಇನ್ನೂ ಹುದುಗುತ್ತಿದ್ದರೆ ಗಾಳಿ ಹುಟ್ಟಿ ಮುಚ್ಚಳವನ್ನು ಒಳಗಿನಿಂದಲೇ ತಳ್ಳುತ್ತದೆ. ಹಾಗಾದರೆ ಕೊರಿಯರ್‌ನವರನ್ನು ಬೈದು ಪ್ರಯೋಜನ ಇಲ್ಲ.

ಸಾಗರದ ಸೊಸೆ

ಬಾಕ್ಸ್ ಪ್ರಿಂಟರ್ ಅಣ್ಣ, ನೀವು ಹೇಳಿದ್ದು ಸರಿ. ಅತ್ತೆಯನ್ನು ಕೇಳಿದೆ. 40ರಲ್ಲಿ ಅರ್ಧದಷ್ಟು ಹೊಸ ಜಾಡಿಯಿಂದ ತುಂಬಿದ್ದು, ಮಸಾಲೆ ಕಲಸಿ ಹದಿನೈದೇ ದಿನ ಆಗಿತ್ತು. "ನಾನು ಬೇಡ ಅಂದಿದ್ದೆ" ಅಂದರು. ನಾನೇ ಅವಸರ ಮಾಡಿದ್ದು.

ಕಾಮರ್ಸ್ ಮೇಷ್ಟ್ರು

ನಾನು ಹಾಸನ ಕಡೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಮಾರ್ಕೆಟಿಂಗ್ ಪಾಠ ಮಾಡುತ್ತೇನೆ. ಪ್ರಾಡಕ್ಟ್, ಬ್ರ್ಯಾಂಡ್, ಪ್ಯಾಕೇಜಿಂಗ್ ಅಂತ ಪುಸ್ತಕದಲ್ಲಿ ಮೂರು ಬೇರೆ ಬೇರೆ ಪಾಠ ಇರುತ್ತವೆ. ಮಕ್ಕಳು ಹಾಗೇ ಉರು ಹೊಡೆಯುತ್ತಾರೆ. ಮೇಡಂ ಅವರ 11 ಬಾಟಲಿ ನೋಡಿದರೆ ಮೂರೂ ಒಂದೇ ಕಡೆ ಸೋರಿವೆ.

ಮೊದಲು ಪ್ರಾಡಕ್ಟ್. ನೀವು ಮಾರುತ್ತಿರುವುದು ಏನು? ಉಪ್ಪಿನಕಾಯಿ ಅನ್ನುವುದು ಅರ್ಧ ಉತ್ತರ. ನಂಚಿಕೊಳ್ಳಲು ಏನಾದರೂ ಬೇಕು ಅನ್ನುವವರಿಗೆ ಬೀದಿ ಕೊನೆಯ ಅಂಗಡಿಯಲ್ಲಿ ನಿಮ್ಮ ಕಾಲು ಭಾಗದ ಬೆಲೆಗೇ ಸಿಗುತ್ತದೆ. ಅಪ್ಪೆಮಿಡಿ ಕೊಳ್ಳುವವರಿಗೆ ಬೇಕಾದದ್ದು ಆ ಸೊನೆಯ ಪರಿಮಳ, ಕಚ್ಚಿದಾಗ ಕಟುಮ್ ಅನ್ನುವ ಮಿಡಿ, ಮತ್ತು ಇದು ನಿಜವಾಗಿ ಅಪ್ಪೆಮಿಡಿಯೇ ಅನ್ನುವ ಭರವಸೆ. ಈ ಮೂರರಲ್ಲಿ ಒಂದು ತಪ್ಪಿದರೂ ಅವರಿಗೆ ಅದು ಬೇರೆ ವಸ್ತು. ಪ್ಯಾಕೇಜಿಂಗಿನ ಮೊದಲ ಕೆಲಸ ಈ ಮೂರನ್ನು ಹಾಗೇ ಅವರ ಊಟದ ಎಲೆಯವರೆಗೆ ಮುಟ್ಟಿಸುವುದು. ಚೆಂದ ಕಾಣುವುದು ಆಮೇಲಿನ ಕೆಲಸ.

ತರಗತಿಯಲ್ಲಿ ನಾನು ಯಾವಾಗಲೂ ಮೈಸೂರು ಸ್ಯಾಂಡಲ್ ಸೋಪನ್ನೇ ಹಿಡಿದುಕೊಂಡು ಹೋಗುತ್ತೇನೆ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಹೋಗುವುದು ನಿಂತು ಇಲ್ಲೇ ರಾಶಿ ಬಿತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಅವರ ಕಾಲದಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಆಮೇಲೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸೋಪು ಮಾಡುವುದನ್ನು ಕಲಿಸಿದರು. 1918ರಲ್ಲಿ ಬೆಂಗಳೂರಿನಲ್ಲಿ ಸೋಪು ತಯಾರಾಯಿತು.

ಈಗ ಗಮನಿಸಿ. ಆಗ ಸೋಪು ಅಂದರೆ ಸಾಮಾನ್ಯವಾಗಿ ಚೌಕ ಬಿಲ್ಲೆ. ಇದಕ್ಕೆ ಮೊಟ್ಟೆಯಾಕಾರ ಕೊಟ್ಟರು. ಒಡವೆ ಪೆಟ್ಟಿಗೆಯ ಹಾಗೆ ಡಬ್ಬ ಮಾಡಿಸಿದರು. ಆನೆಯ ತಲೆ, ಸಿಂಹದ ಮೈ ಇರುವ ಶರಭವನ್ನು ಗುರುತಾಗಿ ಇಟ್ಟರು. "ಶ್ರೀಗಂಧದ ತವರಿನಿಂದ" ಅಂತ ಎರಡೇ ಪದದಲ್ಲಿ ಎಲ್ಲಿಂದ ಬಂತು ಅಂತ ಹೇಳಿದರು. ಇಷ್ಟೂ ಬ್ರ್ಯಾಂಡಿಂಗೇ. ಆದರೆ ಡಬ್ಬ ತೆಗೆದಾಗ ಬರುವ ಗಂಧದ ಪರಿಮಳ ನಿಜ ಇತ್ತು. ಆ ಪರಿಮಳ ಇಲ್ಲದೆ ಒಡವೆ ಪೆಟ್ಟಿಗೆ ಮಾತ್ರ ಇದ್ದಿದ್ದರೆ ಜನ ಎರಡನೇ ಸಲ ತಗೊಳ್ಳುತ್ತಿರಲಿಲ್ಲ. ನಮ್ಮ ಅಮ್ಮ ಖಾಲಿ ಡಬ್ಬವನ್ನೂ ಬಿಸಾಡುತ್ತಿರಲಿಲ್ಲ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಡುತ್ತಿದ್ದರು. ಎರಡು ವರ್ಷ ಆದ ಮೇಲೂ ಸೀರೆ ತೆಗೆದರೆ ಪರಿಮಳ ಇರುತ್ತಿತ್ತು.

ನಿಮ್ಮ ಡಿಸೈನರ್ ಎರಡರಷ್ಟು ಬೆಲೆ ಅಂದರಲ್ಲ, ಲೇಬಲ್ ಬದಲಾಯಿಸಿದ್ದಕ್ಕೆ ಯಾರೂ ಎರಡರಷ್ಟು ಕೊಡುವುದಿಲ್ಲ. ಮೊದಲ ಸಲ ಕೊಟ್ಟರೂ ಕೊಟ್ಟಾರು.

ಡಿಸೈನ್ ಕೆಲಸದವಳು

ಮೇಷ್ಟ್ರೇ, ಎಲ್ಲ ಒಪ್ಪುತ್ತೇನೆ, ಆದರೆ ಡಿಸೈನ್ ಅಂದರೆ ಕೊನೆಗೆ ಬಳಿಯುವ ಬಣ್ಣ ಅನ್ನುವ ಹಾಗೆ ಹೇಳಬೇಡಿ. ನಾನು ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಒಳ್ಳೆ ಡಿಸೈನರ್ ಮೊದಲು ಬಂದು ಕೇಳುವುದೇ ಬಾಟಲಿ ಎಲ್ಲಿ ನಿಲ್ಲುತ್ತದೆ, ಯಾರು ತೆರೆಯುತ್ತಾರೆ, ಒದ್ದೆ ಕೈಯಲ್ಲಿ ಹಿಡಿಯುತ್ತಾರಾ, ಅಜ್ಜಿಗೆ ಅಕ್ಷರ ಕಾಣಬೇಕಾ ಅಂತ. ಮುಚ್ಚಳ ಬದಲಾಯಿಸಿ ಅಂತ ಹೇಳಬೇಕಾದವರೂ ಅವರೇ.

ಸೊಸೆ ಅಕ್ಕ, 18,000 ದುಬಾರಿ ಅಲ್ಲ. ಆದರೆ ಆ ಡಿಸೈನರ್ ನಿಮ್ಮ ಸೋರಿದ ಬಾಟಲಿಯ ಫೋಟೊ ನೋಡಿದ್ದಾರಾ? ಉಪ್ಪಿನಕಾಯಿ ತಿಂದು ನೋಡಿದ್ದಾರಾ? ಇಲ್ಲ ಅಂದರೆ ಈಗ ಬೇಡ. ಎರಡರಷ್ಟು ಬೆಲೆ ಅಂತ ಆಸೆ ತೋರಿಸುವವರ ಹತ್ತಿರ ನಾನಾಗಿದ್ದರೆ ಹೋಗಲ್ಲ.

ಸದ್ಯಕ್ಕೆ ನಿಮಗೆ ಬೇಕಾದದ್ದು ಮೂರು. ಒಂದೇ ಬಣ್ಣ. ಒಂದೇ ಅಕ್ಷರ ಶೈಲಿ. ಲೇಬಲ್ಲಿನ ಒಂದೇ ಜಾಗದಲ್ಲಿ ಹೆಸರು. ಈ ಮೂರನ್ನು ಎರಡು ವರ್ಷ ಬದಲಾಯಿಸದೆ ಇಟ್ಟುಕೊಳ್ಳಿ. ಮತ್ತೆ ಬಾಟಲಿ ಪೂರ್ತಿ ಸುತ್ತ ಲೇಬಲ್ ಹಾಕಬೇಡಿ. ಒಂದು ಕಡೆ ಗಾಜು ಬಿಡಿ. ಮಿಡಿ ಕಾಣಲಿ. ತೊಟ್ಟಿನ ಸಮೇತ ಇಡೀ ಮಿಡಿ ಕಾಣುವುದಕ್ಕಿಂತ ದೊಡ್ಡ ಜಾಹೀರಾತು ಯಾವುದೂ ಇಲ್ಲ.

ಪುಣೆ ಕನ್ನಡಿಗ

ನಾನು ಇಲ್ಲಿ ಬರೀ ಕೊಳ್ಳುವವನು. 14 ವರ್ಷದಿಂದ ಪುಣೆಯಲ್ಲಿದ್ದೇನೆ, ಊರು ಸಿದ್ದಾಪುರ. ಆನ್‌ಲೈನ್‌ನಲ್ಲಿ "ಅಪ್ಪೆಮಿಡಿ" ಅಂತ ಬರೆದದ್ದನ್ನೆಲ್ಲ ತರಿಸಿ ನೋಡಿದ್ದೇನೆ. ಎಷ್ಟೋ ಸಲ ಬಂದದ್ದು ಯಾವುದೋ ಮಾವಿನ ಎಳೆಕಾಯಿ. ಕೆಂಪು ಮಸಾಲೆಯಲ್ಲಿ ಮುಳುಗಿರುವುದರಿಂದ ತೆರೆಯುವವರೆಗೂ ಗೊತ್ತಾಗಲ್ಲ. ತೆರೆದ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಏನೂ ಪರಿಮಳ ಬರಲ್ಲ.

ಆದ್ದರಿಂದ ನನಗೆ ಲೇಬಲ್ ಮೇಲೆ ಬೇಕಾದದ್ದು "ಅಜ್ಜಿಯ ಕೈರುಚಿ" "ಪಾರಂಪರಿಕ ಸ್ವಾದ" ಅನ್ನುವ ಮಾತುಗಳಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ. ಯಾವ ಕಡೆಯ ಮಿಡಿ? ಶರಾವತಿ ದಂಡೆಯದ್ದಾ, ಅಘನಾಶಿನಿ ಕಡೆಯದ್ದಾ? ಯಾವ ತಿಂಗಳು ಕೊಯ್ದದ್ದು? ತೊಟ್ಟು ಉಳಿಸಿ ಕೊಯ್ದಿದ್ದಾ? ಬಾಟಲಿಯಲ್ಲಿ ಎಷ್ಟು ಮಿಡಿ ಇವೆ? ನಾನು ಎಣಿಸುವವನು ರೀ. 300 ಗ್ರಾಂನಲ್ಲಿ ರಸ ಎಷ್ಟು, ಮಿಡಿ ಎಷ್ಟು ಅಂತ ಹೇಳುವವರು ಸಿಕ್ಕರೆ ಹತ್ತು ಇಪ್ಪತ್ತು ರೂಪಾಯಿ ಜಾಸ್ತಿ ಆದರೂ ಅವರ ಹತ್ತಿರವೇ ತಗೊಳ್ಳುತ್ತೇನೆ.

ಸಾಗರದ ಸೊಸೆ

ಪುಣೆ ಅಣ್ಣ, ನಿಮ್ಮ ಮಾತು ಓದಿ ಅತ್ತೆಗೆ ಓದಿ ಹೇಳಿದೆ. ನಮ್ಮದು ಶರಾವತಿ ಹಿನ್ನೀರಿನ ಕಡೆಯ ಮಿಡಿ. ಎರಡು ಮರದ್ದು. ಒಂದರಲ್ಲಿ ಜೀರಿಗೆಯ ಪರಿಮಳ, ಇನ್ನೊಂದು ಬರೀ ಹುಳಿ ಮತ್ತು ಸೊನೆ. ಅತ್ತೆ ಯಾವಾಗಲೂ ಎರಡು ಜಾಡಿ ಬೇರೆ ಬೇರೆ ಹಾಕುತ್ತಾರೆ. ಮಾರುವಾಗ ನಾನು ಯಾವುದು ಕೈಗೆ ಸಿಕ್ಕಿತೋ ಅದನ್ನು ತುಂಬುತ್ತಿದ್ದೆ! ಹಾಗಾಗಿ ಕೆಲವರು "ಹೋದ ಸಲದ ಹಾಗಿಲ್ಲ" ಅಂದದ್ದು ಈಗ ಅರ್ಥ ಆಗುತ್ತಿದೆ.

ಮರ ಹತ್ತಿ ತೊಟ್ಟಿನ ಸಮೇತ ಕೊಯ್ಯುತ್ತಾರೆ, ಬುಟ್ಟಿ ಇಳಿಸುತ್ತಾರೆ. ನೆಲಕ್ಕೆ ಬಿದ್ದದ್ದನ್ನು ಅತ್ತೆ ಮುಟ್ಟುವುದೇ ಇಲ್ಲ. ಪೆಟ್ಟು ಬಿದ್ದ ಒಂದು ಮಿಡಿ ಜಾಡಿಯನ್ನೇ ಕೆಡಿಸುತ್ತದೆ ಅಂತಾರೆ.

ಕಾಮರ್ಸ್ ಮೇಷ್ಟ್ರು

ಮೇಡಂ, ನೀವು ಈಗ ಹೇಳಿದ್ದೇ ದೊಡ್ಡ ವಿಷಯ. ನಿಮ್ಮಲ್ಲಿರುವುದು ಎರಡು ಪ್ರಾಡಕ್ಟ್. ಒಂದೇ ಲೇಬಲ್ಲಿನಲ್ಲಿ ಎರಡನ್ನೂ ಮಾರುತ್ತಿದ್ದಿರಿ. ಬ್ರ್ಯಾಂಡ್ ಅಂದರೆ ಹೋದ ಸಲದ ಹಾಗೇ ಈ ಸಲವೂ ಇರುತ್ತದೆ ಅನ್ನುವ ನಂಬಿಕೆ. ಎರಡು ಜಾಡಿಯನ್ನು ಬೇರೆ ಮಾಡಿ. ಮೇಲೆ ಒಂದೇ ಹೆಸರು, ಕೆಳಗೆ ಜೀರಿಗೆ ಮಿಡಿಗೆ ಒಂದು ಬಣ್ಣದ ಪಟ್ಟಿ, ಇನ್ನೊಂದಕ್ಕೆ ಬೇರೆ ಬಣ್ಣ.

ಬಸವನಗುಡಿ

ಬಣ್ಣದ ಮಾತು ಬಂತಲ್ಲ, ನಂದಿನಿ ಹಾಲು ನೋಡಿ. ನಮ್ಮ ಮನೆಯಲ್ಲಿ ಟೋನ್ಡ್ ಹಾಲು, ಶುಭಂ ಹಾಲು ಅಂತ ಯಾರೂ ಕೇಳಿದ್ದಿಲ್ಲ. "ಎರಡು ನೀಲಿ, ಒಂದು ಆರೆಂಜ್" ಅಷ್ಟೇ. ಓದಲು ಬಾರದ ನಮ್ಮ ಅಜ್ಜಿಯೂ ಬೆಳಗ್ಗೆ ಐದೂವರೆಗೆ ಬೂತಿಗೆ ಹೋಗಿ ಸರಿಯಾದದ್ದನ್ನೇ ತರುತ್ತಿದ್ದರು.

ಪ್ಯಾಕೆಟ್ ಗಾತ್ರದ ಬಗ್ಗೆಯೂ ಅಲ್ಲೇ ಒಂದು ಪಾಠ ಇದೆ. 2024ರ ಜೂನ್‌ನಲ್ಲಿ ಪ್ರತಿ ಪ್ಯಾಕೆಟ್‌ಗೆ 50 ಮಿಲಿ ಲೀಟರ್ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದರು. ಅರ್ಧ ಲೀಟರ್ 550 ಆಯಿತು, ಲೀಟರ್ 1,050 ಆಯಿತು. ಲೆಕ್ಕದಲ್ಲಿ ಜಾಸ್ತಿ ಹಾಲಿಗೆ ಜಾಸ್ತಿ ದುಡ್ಡು. ಆದರೆ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ "ಹಾಲಿನ ರೇಟು ಜಾಸ್ತಿ ಆಯ್ತು" ಅಂತಲೇ. ಮನೆಯವರು ಹಾಲನ್ನು ಅಳೆಯುವುದು ಪ್ಯಾಕೆಟ್ ಲೆಕ್ಕದಲ್ಲಿ, ಮಿಲಿ ಲೀಟರ್ ಲೆಕ್ಕದಲ್ಲಲ್ಲ. 2025ರ ಏಪ್ರಿಲ್‌ನಲ್ಲಿ ಮತ್ತೆ ಅರ್ಧ ಲೀಟರ್, ಒಂದು ಲೀಟರಿಗೇ ಬಂದರು, ಲೀಟರಿಗೆ 4 ರೂಪಾಯಿ ಏರಿಸಿ. ಸೊಸೆ ಅವರೇ, ಒಂದು ತೂಕ ಹಿಡಿದರೆ ಅದನ್ನೇ ಹಿಡಿಯಿರಿ. ಇವತ್ತು 300, ನಾಳೆ 275 ಮಾಡಬೇಡಿ. ಬೆಲೆ ಏರಿಸಬೇಕಾದರೆ ನೇರವಾಗಿ ಏರಿಸಿ, ಕಾರಣ ಹೇಳಿ. ಜನ ಅರ್ಥ ಮಾಡಿಕೊಳ್ಳುತ್ತಾರೆ.

ದಾವಣಗೆರೆ ಕಿರಾಣಿ

ಬಸವನಗುಡಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿಸ್ಕತ್ತಿನವರು, ಸೋಪಿನವರು ಬೆಲೆ ಹಾಗೇ ಇಟ್ಟು ಒಳಗಿನ ತೂಕ ಇಳಿಸುತ್ತಾರೆ. ಹತ್ತು ರೂಪಾಯಿ ಮಾಲಿಗೆ ಅದು ನಡೆಯುತ್ತದೆ, ಏಕೆಂದರೆ ಗಿರಾಕಿ ಹತ್ತು ರೂಪಾಯಿ ನಾಣ್ಯ ಇಟ್ಟು ಕೇಳುತ್ತಾನೆ. 210 ರೂಪಾಯಿ ಕೊಡುವವನು ಹಾಗಲ್ಲ. ಅವನು ಬಾಟಲಿ ತಿರುಗಿಸಿ ಹಿಂದೆ ಓದುತ್ತಾನೆ.

ಅಂಗಡಿಗೆ ಕೊಡುವ ಯೋಚನೆ ಇದ್ದರೆ ಮಾರ್ಜಿನ್ ಈಗಲೇ ಲೆಕ್ಕ ಹಾಕಿ. ಉಪ್ಪಿನಕಾಯಿಗೆ ನಾನು ಎಂಆರ್‌ಪಿ ಮೇಲೆ 20 ಪರ್ಸೆಂಟ್ ಕೇಳುತ್ತೇನೆ. 210ರಲ್ಲಿ ನನಗೆ 42 ಹೋದರೆ ನಿಮಗೆ 168. ಅದರಲ್ಲಿ ಬಾಟಲಿ, ಮುಚ್ಚಳ, ಲೇಬಲ್, ಡಬ್ಬ, ಸಾಗಾಣಿಕೆ, ಒಡೆದದ್ದು, ಅತ್ತೆಯವರ ದುಡಿಮೆ ಎಲ್ಲ ಬರಬೇಕು. ಮನೆಯವರ ದುಡಿಮೆಗೆ ಬೆಲೆ ಹಾಕದೆ ಲಾಭ ಇದೆ ಅಂದುಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ ಅಕ್ಕಾ.

ಬಾಕ್ಸ್ ಪ್ರಿಂಟರ್

ಲೇಬಲ್ ಹಿಂಭಾಗಕ್ಕೆ ಏನೇನು ಬೇಕು ಅಂತ ಯಾರೂ ಹೇಳಿಲ್ಲ. ನನ್ನ ಹತ್ತಿರ ಪ್ರಿಂಟಿಗೆ ಬರುವ ಸಣ್ಣ ಲೇಬಲ್‌ಗಳಲ್ಲಿ ಹತ್ತಕ್ಕೆ ಆರರಲ್ಲಿ ಏನಾದರೂ ಒಂದು ಬಿಟ್ಟುಹೋಗಿರುತ್ತದೆ.

2011ರ ಪೊಟ್ಟಣ ಸರಕು ನಿಯಮದ ಪ್ರಕಾರ ತಯಾರಿಸಿದವರ ಹೆಸರು ವಿಳಾಸ, ಪದಾರ್ಥದ ಹೆಸರು, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ಮತ್ತು ಇಮೇಲ್ ಇರಬೇಕು. ನಿವ್ವಳ ಅಂದರೆ ಬಾಟಲಿ ತೂಕ ಬಿಟ್ಟು. 2022ರಿಂದ ಒಂದು ಗ್ರಾಂಗೆ ಎಷ್ಟು ಬೀಳುತ್ತದೆ ಅಂತಲೂ ಹಾಕಬೇಕು. ನಿಮ್ಮ ಲೆಕ್ಕದಲ್ಲಿ ಗ್ರಾಂಗೆ 70 ಪೈಸೆ. ಇದು ಇದ್ದರೆ ತೂಕ ಕದಿಯುವವರು ಸಿಕ್ಕಿಬೀಳುತ್ತಾರೆ, ಪ್ರಾಮಾಣಿಕರಿಗೆ ಒಳ್ಳೆಯದೇ.

ಆಹಾರಕ್ಕೆ ಇನ್ನೂ ಬೇರೆ ಇವೆ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಬ್ಯಾಚ್ ನಂಬರ್, ಎಷ್ಟು ದಿನದೊಳಗೆ ಬಳಸಬೇಕು, ಹಾಕಿದ ಸಾಮಾನಿನ ಪಟ್ಟಿ. ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರಬೇಕು. ಮಿಡಿ, ಉಪ್ಪು, ಮೆಣಸು, ಸಾಸಿವೆ ಅಂತ ಹೀಗೆ. ಪ್ರಿಂಟಿಗೆ ಕೊಡುವ ಮೊದಲು ನಿಮಗೆ ನೋಂದಣಿ ಮಾಡಿಸಿಕೊಟ್ಟವರಿಗೆ ಒಂದು ಸಲ ತೋರಿಸಿ.

ಬ್ಯಾಚ್ ನಂಬರನ್ನು ಸುಮ್ನೆ ನಿಯಮಕ್ಕೆ ಅಂತ ಹಾಕಬೇಡಿ. ಜಾಡಿಗೆ ಒಂದು ನಂಬರ್ ಕೊಡಿ. ಯಾರಾದರೂ ಉಪ್ಪು ಜಾಸ್ತಿ ಅಂದರೆ ಯಾವ ಜಾಡಿ ಅಂತ ಐದು ನಿಮಿಷದಲ್ಲಿ ಗೊತ್ತಾಗಬೇಕು.

ಡಿಸೈನ್ ಕೆಲಸದವಳು

ಭಾಷೆ ಬಗ್ಗೆ ಒಂದು ಮಾತು. ಕಡ್ಡಾಯ ಮಾಹಿತಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಹಾಕಲು ಏನೂ ಅಡ್ಡಿ ಇಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಅಂತ ಆದೇಶ ಮಾಡಿದೆ. ಆದೇಶ ಇರಲಿ ಬಿಡಲಿ, ಹೆಸರನ್ನು ದೊಡ್ಡದಾಗಿ ಕನ್ನಡದಲ್ಲೇ ಬರೆಸಿ. ನನ್ನ ಹತ್ತಿರ ಬರುವವರು ಎಷ್ಟೋ ಜನ ಕನ್ನಡ ಹಾಕಿದರೆ ಸಾಧಾರಣ ಕಾಣುತ್ತದೆ ಅಂತಾರೆ. ನನಗೆ ನಿಜವಾಗಿ ಬೇಜಾರಾಗುತ್ತದೆ. ಅಪ್ಪೆಮಿಡಿ ಅನ್ನುವ ಪದದಲ್ಲಿರುವ "ಪ್ಪೆ" ಒತ್ತಕ್ಷರ ಎಷ್ಟು ಚೆಂದ ಇದೆ ನೋಡಿ. ಅದನ್ನೇ ಲೋಗೊ ಮಾಡಬಹುದು.

ಮೈಸೂರು ವಕೀಲ

ಹೆಸರಿನ ವಿಷಯಕ್ಕೆ ಬರುತ್ತೇನೆ. "ಅಪ್ಪೆಮಿಡಿ ಉಪ್ಪಿನಕಾಯಿ" ಅನ್ನುವುದು ನಿಮ್ಮ ಬ್ರ್ಯಾಂಡ್ ಆಗಲಾರದು. ಅದು ಪದಾರ್ಥದ ಹೆಸರು, ಎಲ್ಲರದ್ದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ವಸ್ತುವನ್ನು ಬರೀ ವರ್ಣಿಸುವ ಪದಕ್ಕೆ ನೋಂದಣಿ ಸಿಗುವುದು ಕಷ್ಟ. ಜೊತೆಗೆ ಅಪ್ಪೆಮಿಡಿಗೆ ಜಿಐ, ಅಂದರೆ ಭೌಗೋಳಿಕ ಗುರುತು ಇದೆ. ಅದು ಆ ಸೀಮೆಯ ಬೆಳೆಗಾರರಿಗೆಲ್ಲ ಸೇರಿದ್ದು, ಯಾರೊಬ್ಬರ ಸ್ವತ್ತೂ ಅಲ್ಲ. ಆ ಗುರುತನ್ನು ಬಳಸಬೇಕಾದರೆ ಅಧಿಕೃತ ಬಳಕೆದಾರರು ಅಂತ ನೋಂದಣಿ ಮಾಡಿಸಿಕೊಳ್ಳಬೇಕು. ಮಾಡಿಸಿ, ಪುಣೆಯವರ ಅನುಮಾನಕ್ಕೆ ಅದೇ ಉತ್ತರ.

ನಿಮ್ಮ ಸ್ವಂತ ಹೆಸರು ಬೇರೆ ಇರಲಿ. ಮನೆ ಹೆಸರು, ತೋಟದ ಹೆಸರು, ಏನಾದರೂ. ಮೊದಲು ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಹುಡುಕಿ, ಬೇರೆಯವರು ತಗೊಂಡಿದ್ದಾರಾ ನೋಡಿ. ಇದಕ್ಕೆ ದುಡ್ಡಿಲ್ಲ. ಹೆಸರು ಸಿಕ್ಕಿದರೆ ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಕ್ಕೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿ ಆದರೆ 10 ವರ್ಷ, ಆಮೇಲೆ ನವೀಕರಿಸಬಹುದು. ನೋಂದಣಿ ಆಗುವವರೆಗೆ ಟಿಎಂ ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಗುರುತನ್ನು ಮಾತ್ರ ನೋಂದಣಿ ಪತ್ರ ಕೈಗೆ ಬರುವ ಮೊದಲು ಹಾಕಬೇಡಿ, ಅದು ಅಪರಾಧ.

ಹೆಸರು ಗಟ್ಟಿ ಆದ ಮೇಲೆ ನಕಲೂ ಬರುತ್ತದೆ. ಮೇಷ್ಟ್ರು ಹೇಳಿದ ಸೋಪಿಗೇ 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ನಕಲಿ ಮಾಡುವ ಜಾಲ ಸಿಕ್ಕಿತು. ಸೋಪಿನ ಜೊತೆಗೆ ನಕಲಿ ಡಬ್ಬಗಳೂ ರಾಶಿ ರಾಶಿ ಇದ್ದವು. ಕದಿಯುವವರು ಮೊದಲು ಕದಿಯುವುದು ಡಬ್ಬವನ್ನೇ.

ಬಸವನಗುಡಿ

ಎಂಟಿಆರ್ ಕಥೆಯನ್ನೂ ಒಂದು ಸಲ ಓದಿ. 1924ರಲ್ಲಿ ಹೋಟೆಲ್ ಆಗಿ ಶುರುವಾದದ್ದು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಕಟ್ಟಿದ ಬೆಲೆಯಲ್ಲಿ ಗುಣಮಟ್ಟ ಉಳಿಸಿಕೊಳ್ಳಲು ಆಗದೆ ಹೋಟೆಲ್ ಮುಚ್ಚಿದರು. ಕೆಲಸಗಾರರನ್ನು ಬಿಡಬಾರದು ಅಂತ ಹಿಟ್ಟು, ಪುಡಿಗಳನ್ನು ಪ್ಯಾಕೆಟ್ ಮಾಡಿ ಮಾರಿದರು. ತಟ್ಟೆಯಲ್ಲಿದ್ದ ರುಚಿಯನ್ನು ಪ್ಯಾಕೆಟ್‌ಗೆ ತಂದರೂ ಜನ ನಂಬಿದರು, ಏಕೆಂದರೆ ಹೆಸರು ಅದಾಗಲೇ ಐವತ್ತು ವರ್ಷ ಹಳೆಯದು. ರುಚಿ ಕೆಡಿಸಿಕೊಂಡು ಕಡಿಮೆ ಬೆಲೆಗೆ ಮಾರಿದ್ದರೆ ಹೋಟೆಲ್ಲೂ ಉಳಿಯುತ್ತಿರಲಿಲ್ಲ, ಪ್ಯಾಕೆಟ್ಟೂ ನಡೆಯುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಸಾಗರದ ಸೊಸೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಡಿಸೈನರ್‌ಗೆ ಈಗ ಬೇಡ ಅಂದೆ. ಆ ದುಡ್ಡಿನಲ್ಲಿ ಕೈಯಲ್ಲಿ ಹಿಡಿಯುವ ಸೀಲ್ ಮಷೀನ್, ಪ್ಲಾಸ್ಟಿಕ್ ಮುಚ್ಚಳ, ಫಾಯಿಲ್ ವ್ಯಾಡ್ ತರಿಸಿದೆ. ಆರು ಬಾಟಲಿ ತುಂಬಿ, ಸೀಲ್ ಮಾಡಿ, ಹಳೇ ಪೇಪರ್ ಹಾಸಿ ತಲೆಕೆಳಗೆ ನಿಲ್ಲಿಸಿದೆ. ಮೊದಲ ದಿನ ಎರಡು ಸೋರಿದವು. ಬಾಟಲಿ ಬಾಯಿಗೆ ಮಸಾಲೆ ಅಂಟಿದ್ದರೆ ಫಾಯಿಲ್ ಹಿಡಿಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಈಗ ತುಂಬಿದ ಮೇಲೆ ಬಾಯಿಯನ್ನು ಒಣ ಬಟ್ಟೆಯಲ್ಲಿ ಒರೆಸಿಯೇ ಸೀಲ್ ಮಾಡುವುದು. ಎರಡನೇ ಸಲದ ಆರೂ ಎಂಟು ದಿನ ತಲೆಕೆಳಗೇ ಇದ್ದವು. ಪೇಪರ್ ಮೇಲೆ ಒಂದು ಚುಕ್ಕೆಯೂ ಇಲ್ಲ. ಎರಡನ್ನು ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ತಮ್ಮನ ಕೈಲಿ ಕಳಿಸಿದೆ, ಬ್ಯಾಗಿನಲ್ಲಿ ಬಟ್ಟೆ ನಡುವೆ ಮಲಗಿಸಿಕೊಂಡು ಹೋಗು ಅಂತ. ಬಟ್ಟೆಗೆ ಏನೂ ಆಗಿಲ್ಲ ಅಂತ ಬೆಳಗ್ಗೆಯೇ ಫೋನ್ ಮಾಡಿದ.

ಜಾಡಿಗಳಿಗೆ ನಂಬರ್ ಬರೆದಿದ್ದೇವೆ. ಯಾವ ಜಾಡಿ ಯಾವಾಗ ತುಂಬಬಹುದು ಅಂತ ಇನ್ನು ಮುಂದೆ ಹೇಳುವವರು ಅತ್ತೆ. ಅವರು ಹೂಂ ಅನ್ನುವವರೆಗೆ ಆರ್ಡರ್ ಇದ್ದರೂ ಕಳಿಸಲ್ಲ.

ಪುಣೆ ಅಣ್ಣ, 300 ಗ್ರಾಂ ಬಾಟಲಿಗಳಲ್ಲಿ ಮಿಡಿ ಎಣಿಸಿದೆ. ಜೀರಿಗೆ ಮಿಡಿ ಸಣ್ಣದು, 19ರಿಂದ 22 ಬರುತ್ತವೆ. ಇನ್ನೊಂದು 14ರಿಂದ 16. ಲೇಬಲ್ ಮೇಲೆ ಹಾಗೇ ಹಾಕುತ್ತೇನೆ, ಮರ ಯಾವ ಕಡೆಯದು, ಯಾವ ತಿಂಗಳು ಕೊಯ್ದದ್ದು ಅಂತಲೂ. ಹೆಸರಿಗೆ ನಮ್ಮ ಹಳೇ ಮನೆಯ ಹೆಸರನ್ನೇ ಹುಡುಕಿ ನೋಡಿದೆ, ಯಾರೂ ತಗೊಂಡಿಲ್ಲ. ಅರ್ಜಿ ಹಾಕಿದ ಮೇಲೆ ಇಲ್ಲಿ ಹೇಳುತ್ತೇನೆ.

ಪುಣೆ ಕನ್ನಡಿಗ

ಜೀರಿಗೆ ಮಿಡಿ ನಾಲ್ಕು ಬಾಟಲಿ ನನಗೆ. ಅತ್ತೆಯವರು ಹೂಂ ಅಂದ ಮೇಲೆ ಕಳಿಸಿ, ಅವಸರ ಇಲ್ಲ.

ದಾವಣಗೆರೆ ಕಿರಾಣಿ

ಅಕ್ಕಾ, ಒಂದು ಡಜನ್ ನನ್ನ ಅಂಗಡಿಗೂ ಕಳಿಸಿ, ಇಟ್ಟು ನೋಡುತ್ತೇನೆ. ಎರಡೂ ಬಣ್ಣದ್ದು ಆರಾರು. ಮುಚ್ಚಳ ಸೇರಿ ಬಾಟಲಿ ಎತ್ತರ ಎಷ್ಟು?

ಸಾಗರದ ಸೊಸೆ

ಐದೂವರೆ ಇಂಚು ಅಣ್ಣ. ಅಳತೆ ಹಿಡಿದೇ ತಗೊಂಡೆ.